ಒಂದೇ ಹೆಸರಿನ ಇಬ್ಬರು: ವಾಚನ ಪಾಠಕ್ಕೊಂದು ಸಾಮಗ್ರಿ

ಯೋಜನಾ ಕಾರ್ಯಕ್ಕೆಂದು ಹೆಸರು ಹುಡುಕುವ ಮಕ್ಕಳು ಸಿಕ್ಕಿದ್ದನ್ನೆಲ್ಲ ಒಬ್ಬರ ತಲೆಗೇ ಕಟ್ಟಿಬಿಡುತ್ತಾರೆ. ಇದನ್ನು ತಿದ್ದಲು ಎಂಟನೆಯ ತರಗತಿಯ ವಾಚನ ಪಾಠಕ್ಕೆ ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುವ ಹೆಸರು ಪ್ಯಾಟ್ ಮೆಕಾರ್ಮಿಕ್.

ಅಮೆರಿಕದಲ್ಲಿ ಈ ಹೆಸರಿನ ಇಬ್ಬರು ಪ್ರಸಿದ್ಧರಿದ್ದರು. ಒಬ್ಬರು 1930ರಲ್ಲಿ ಹುಟ್ಟಿದ ಡೈವಿಂಗ್ ಪಟು; 1952ರ ಹೆಲ್ಸಿಂಕಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್ ಎರಡರಲ್ಲೂ ಸ್ಪ್ರಿಂಗ್‌ಬೋರ್ಡ್ ಮತ್ತು ಪ್ಲಾಟ್‌ಫಾರ್ಮ್ ಚಿನ್ನ ಗೆದ್ದವರು. ಇನ್ನೊಬ್ಬರು 1927ರಲ್ಲಿ ಹುಟ್ಟಿದ ಹಾಸ್ಯನಟ. ಜಾನಿ ಕಾರ್ಸನ್ ಅವರ ಟಿ.ವಿ. ಕಾರ್ಯಕ್ರಮಕ್ಕೆ ನಗೆಮಾತು ಬರೆದವರು, 1977ರ ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’ ಚಿತ್ರದಲ್ಲಿ ಬಿಗ್ ಇನೋಸ್ ಪಾತ್ರ ಮಾಡಿದವರು.

ಈಗ ಕೇಳಿ: ಡೈವಿಂಗ್ ಪಟು ಗಂಡೋ ಹೆಣ್ಣೋ? ‘ಹಾಸ್ಯನಟ’ ಎಂಬ ಪದವೇ ಲಿಂಗವನ್ನು ಹೇಳಿತು, ‘ಪಟು’ ಹೇಳಲಿಲ್ಲ. ‘ಗೆದ್ದವರು’ ಎಂಬ ನಮ್ಮ ಗೌರವದ ಬಹುವಚನ ಅದನ್ನು ಮುಚ್ಚಿಯೇ ಇಟ್ಟಿತು. ‘ಗೆದ್ದಳು’ ಎಂದು ಬರೆಯಹೊರಟ ಮಗು ಮಾತ್ರ ಮೊದಲು ವಿಚಾರಿಸಲೇಬೇಕು. ಇಲ್ಲಿ ಪ್ಯಾಟ್ ಎಂದರೆ ಪೆಟ್ರೀಶಿಯಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಕೆಲ್ಲಿ ಮೆಕಾರ್ಮಿಕ್ ಆಕೆಯ ಮಗಳು. (ವ್ಯಾಕರಣದ ಅವಧಿಗೂ ಇದು ಒದಗೀತು.)

ಸಂಗತಿಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಗುಂಪುಗಳಿಗೆ ಹಂಚಿ. ಪ್ರತಿ ಚೀಟಿಗೂ ‘ಯಾವ ಪದದಿಂದ ಗೊತ್ತಾಯಿತು?’ ಎಂದು ಕೇಳಿ. ಇಬ್ಬರೂ ಓರಗೆಯವರು, ಇಸವಿಯೊಂದೇ ಸಾಲದು. ‘ಪ್ಯಾಟ್ ಮೆಕಾರ್ಮಿಕ್ ಅಮೆರಿಕದವರು’ ಎಂಬ ಚೀಟಿಯೂ ಇರಲಿ. ಗೊಂದಲವಾದೀತೆಂದು ಅದನ್ನು ತೆಗೆಯಬೇಡಿ, ಪಾಠದ ತಿರುಳಿರುವುದೇ ಅದರಲ್ಲಿ. ಅದನ್ನು ಎರಡು ರಾಶಿಗಳ ನಡುವೆ ಇಟ್ಟು ಕಾರಣ ಹೇಳಿದ ಗುಂಪಿಗೆ ಪೂರ್ಣ ಅಂಕ ಕೊಡಿ.