ತೋಟದ ನಾಯಿಗೆ ವಯಸ್ಸಾಯ್ತು, ಕಾಯಿಲೆ ಬಿತ್ತು: ದಯಾಮರಣದ ತೀರ್ಮಾನ ಯಾವಾಗ, ಹೇಗೆ?

ಹತ್ತು ಹನ್ನೆರಡು ವರ್ಷ ತೋಟ ಕಾದ ನಾಯಿ. ಬೈಕ್ ಸದ್ದು ಕೇಳಿದರೆ ಗೇಟಿನವರೆಗೆ ಓಡಿ ಬರುತ್ತಿದ್ದದ್ದು, ಈಗ ಮಲಗಿದಲ್ಲೇ ಬಾಲ ಆಡಿಸುತ್ತೆ. ಇನ್ನು ಕೆಲವು ದಿನಕ್ಕೆ ಅದೂ ಇಲ್ಲ. ಆಗ ಮನೆಯಲ್ಲಿ ಮಾತು ಶುರುವಾಗುತ್ತೆ. ‘ಅದರ ಋಣ ಇರೋವರೆಗೂ ಇರಲಿ, ತಾನಾಗೇ ಹೋಗುತ್ತೆ’ ಅಂತಾರೆ ಅಜ್ಜಿ. ‘ಎಲ್ಲಾದ್ರೂ ಬಿಟ್ಟು ಬಾರಪ್ಪ’ ಅಂತಾರೆ ಪಕ್ಕದ ತೋಟದವರು. ಇನ್ಯಾರೋ ವಿಷದ ಮಾತು ಎತ್ತುತ್ತಾರೆ. ತೀರ್ಮಾನ ಮಾಡಬೇಕಾದವರು ಮಾತ್ರ ನೀವು, ಯಾಕಂದ್ರೆ ದಿನಾ ಅದಕ್ಕೆ ಅನ್ನ ಹಾಕೋರು ನೀವೇ.

ಈ ವಾರ ಆ ತೀರ್ಮಾನದ ಬಗ್ಗೆಯೇ ಬರೆಯುತ್ತಿದ್ದೇವೆ. ಇಲ್ಲಿ ಹೇಳೋದೆಲ್ಲ ನಾಯಿಗೆ ಮಾತ್ರ. ಹಸು, ಎತ್ತು, ಎಮ್ಮೆಗಳ ವಿಷಯಕ್ಕೆ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಇದೆ, ಅದರ ದಾರಿಯೇ ಬೇರೆ. ಅಲ್ಲಿ ಸರ್ಕಾರಿ ಪಶುವೈದ್ಯರನ್ನು ಕೇಳದೆ ಯಾವ ಹೆಜ್ಜೆಯನ್ನೂ ಇಡಬೇಡಿ.

ಸಾಯೋ ಹಾಗೆ ಕಾಣುತ್ತೆ, ಆದ್ರೆ ಗುಣವಾಗುತ್ತೆ

ಮೊದಲು ಇದನ್ನೇ ಹೇಳಬೇಕು. ಹಳ್ಳಿಗಳಲ್ಲಿ ‘ಇದರ ಕಥೆ ಮುಗೀತು’ ಅಂತ ಕೈಬಿಟ್ಟ ನಾಯಿಗಳಲ್ಲಿ ಎಷ್ಟೋ ನಾಯಿಗಳದ್ದು ಔಷಧಕ್ಕೆ ಬಗ್ಗುವ ಕಾಯಿಲೆ.

ಉಣ್ಣೆ ಜ್ವರ ನೋಡಿ. ಮೈ ಸುಡುತ್ತೆ, ಊಟ ಬಿಡುತ್ತೆ, ಒಸಡು ಬಿಳಿಚುತ್ತೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತೆ. ನೋಡಿದವರಿಗೆ ಇವತ್ತೋ ನಾಳೆಯೋ ಅನ್ನಿಸುತ್ತೆ. ಆದರೆ ರಕ್ತ ಪರೀಕ್ಷೆ ಮಾಡಿಸಿ, ಬೇಗ ಔಷಧ ಶುರು ಮಾಡಿ, ವೈದ್ಯರು ಹೇಳಿದಷ್ಟು ವಾರ ಬಿಡದೆ ಕೊಟ್ಟರೆ ಎದ್ದು ಓಡಾಡುವ ನಾಯಿಗಳೇ ಹೆಚ್ಚು. ಎರಡು ದಿನಕ್ಕೆ ಚೇತರಿಸಿಕೊಂಡಿತು ಅಂತ ಮಾತ್ರೆ ನಿಲ್ಲಿಸೋದೇ ಇಲ್ಲಿ ದೊಡ್ಡ ತಪ್ಪು.

ಮೂತ್ರದ ಜಾಗದಲ್ಲಿ ಹೂಕೋಸಿನಂಥ ಗಡ್ಡೆ ಬೆಳೆದು ರಕ್ತ ತೊಟ್ಟಿಕ್ಕುವುದನ್ನು ಬೀದಿಯಲ್ಲೂ ತೋಟದಲ್ಲೂ ನೋಡಿರುತ್ತೀರಿ. ಅದು ಒಂದು ನಾಯಿಯಿಂದ ಇನ್ನೊಂದಕ್ಕೆ, ಮುಖ್ಯವಾಗಿ ಕೂಡುವಾಗ, ಅಂಟುವ ಗಡ್ಡೆ. ಹೆಸರಿಗೆ ಕ್ಯಾನ್ಸರ್ ಆದರೂ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕರಿಂದ ಆರು ವಾರ ಕೊಟ್ಟರೆ ಸಾಮಾನ್ಯವಾಗಿ ಕರಗಿಹೋಗುತ್ತೆ. ಕ್ಯಾನ್ಸರ್ ಅನ್ನೋ ಒಂದೇ ಮಾತಿಗೆ ಹೆದರಿ ಆಸೆ ಬಿಡಬೇಡಿ, ಯಾವ ಗಡ್ಡೆ ಅಂತ ಕೇಳಿ.

ವಯಸ್ಸಾದ ನಾಯಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ತಲೆ ವಾಲಿಸಿಕೊಂಡು, ಕಣ್ಣುಗುಡ್ಡೆ ಅತ್ತಿತ್ತ ಓಡಿಸುತ್ತಾ, ಒಂದೇ ಕಡೆಗೆ ಉರುಳಿ ಬಿದ್ದರೆ ಎಲ್ಲರೂ ‘ಲಕ್ವಾ ಹೊಡೀತು’ ಅಂತಾರೆ. ಬಹಳ ಸಲ ಅದು ಕಿವಿಯೊಳಗಿನ ಸಮತೋಲನದ ತೊಂದರೆ. ಕೆಲವೇ ದಿನಗಳಲ್ಲಿ ಸುಧಾರಿಸತೊಡಗಿ ಎರಡು ಮೂರು ವಾರದಲ್ಲಿ ನಡೆಯುತ್ತೆ, ತಲೆ ಸ್ವಲ್ಪ ವಾಲಿದ್ದರೂ ಇರಬಹುದು. ಮೊದಲ ದಿನವೇ ನೋಡಿ ತೀರ್ಮಾನ ಮಾಡುವ ಕಾಯಿಲೆ ಇದಲ್ಲ.

ಹುಳ ಬಿದ್ದ ಗಾಯ, ಅದೆಷ್ಟೇ ನಾರುತ್ತಿದ್ದರೂ, ಸ್ವಚ್ಛ ಮಾಡಿದರೆ ಮಾಯುತ್ತೆ. ಕಣ್ಣು ಹೋದ ನಾಯಿ ಮನೆ, ಜಗಲಿ, ಕೊಟ್ಟಿಗೆಯನ್ನು ಮೂಗಿನಿಂದಲೇ ತಿಳಿದುಕೊಂಡು ಬದುಕುತ್ತೆ. ಸಂತಾನಹರಣ ಮಾಡಿಸದ ವಯಸ್ಸಾದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿಯುತ್ತಾ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಆಪರೇಷನ್‌ಗೆ ಓಡಬೇಕಾದ ತುರ್ತು, ಕಾಯುತ್ತಾ ಕೂತರೆ ಮಾತ್ರ ಸಾವು.

ಹಾಗಾಗಿ ಕಾಯಿಲೆಗೆ ಹೆಸರು ಸಿಗುವವರೆಗೆ ದಯಾಮರಣದ ಮಾತೇ ಬೇಡ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತೆ. ಇಲ್ಲಾಂದ್ರೆ ತಾಲ್ಲೂಕು ಪಶು ಆಸ್ಪತ್ರೆ. ಹೋಗುವ ಮುಂಚೆ ನಾಯಿ ನಡೆಯುವುದು, ಏಳಲು ಒದ್ದಾಡುವುದು, ಉಸಿರಾಡುವುದು ಇಷ್ಟನ್ನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಗಾಬರಿಗೆ ಎಷ್ಟೋ ನಾಯಿಗಳು ಅಲ್ಲಿ ಚೆನ್ನಾಗೇ ನಿಂತುಬಿಡುತ್ತವೆ.

ತಿಂತಾ ಇದೆಯಲ್ಲ, ಮತ್ತೇನು?

ಇನ್ನು ಕೆಲವಕ್ಕೆ ನಿಜವಾಗಿಯೂ ದಾರಿ ಇರಲ್ಲ. ಕಿಡ್ನಿ ಪೂರ್ತಿ ಹೋಗಿ ಬಾಯಲ್ಲಿ ಮೂತ್ರದ ವಾಸನೆ ಬರೋದು, ಕುಡಿದ ನೀರೂ ವಾಂತಿಯಾಗೋದು. ಮೊಲೆಯ ಗಡ್ಡೆ ಶ್ವಾಸಕೋಶಕ್ಕೆ ಹಬ್ಬೋದು. ಡಿಸ್ಟೆಂಪರ್ ಮಿದುಳಿಗೇರಿ ಔಷಧ ಕೊಟ್ಟರೂ ಫಿಟ್ಸ್ ನಿಲ್ಲದಿರೋದು. ಗಾಡಿ ಹೊಡೆದು ಬೆನ್ನುಮೂಳೆ ಮುರಿದು, ಹಿಂಗಾಲಿನ ಬೆರಳನ್ನು ವೈದ್ಯರು ಗಟ್ಟಿಯಾಗಿ ಒತ್ತಿದರೂ ನಾಯಿಗೆ ಗೊತ್ತೇ ಆಗದಿರೋದು.

ಇಂಥ ಹೊತ್ತಲ್ಲೂ ನಮ್ಮನ್ನು ದಾರಿ ತಪ್ಪಿಸೋದು ಊಟ. ‘ತಿಂತಾ ಇದೆಯಲ್ಲ, ಚೆನ್ನಾಗಿದೆ’ ಅಂದುಕೊಳ್ತೀವಿ. ನೋವಿದ್ದರೂ ತಿನ್ನುವ ನಾಯಿಗಳಿವೆ. ನೋವಾದಾಗಲೆಲ್ಲ ನಾಯಿ ಕುಂಯ್ ಅನ್ನಲ್ಲ, ಬಹುಪಾಲು ಮುಚ್ಚಿಡುತ್ತೆ. ಗಮನಿಸಬೇಕಾದದ್ದು ಬೇರೆ: ತಂಪು ಹೊತ್ತಲ್ಲೂ ಏದುಸಿರು, ರಾತ್ರಿಯೆಲ್ಲ ಮಲಗೋದು ಏಳೋದು, ಒಂದೇ ಜಾಗ ನೆಕ್ಕೋದು, ಬೆನ್ನು ಗೂನು ಮಾಡಿ ನಿಲ್ಲೋದು, ಮುಟ್ಟಿದರೆ ಎಂದೂ ಗುರ್ ಅನ್ನದ್ದು ಗುರ್ ಅನ್ನೋದು. ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರಿಳಿಯುತ್ತೆ ಅಂತ ಮೊಬೈಲ್ ಟೈಮರ್ ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ವೈದ್ಯರಿಗೆ ಹೇಳಿ.

ನೋವು ಕಡಿಮೆ ಆಗಲಿ ಅಂತ ಮೆಡಿಕಲ್ ಶಾಪಿನ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಇದ್ದ ನೋವಿನ ಮೇಲೆ ಇನ್ನೊಂದು.

ಗೆರೆ ಮೊದಲೇ ಎಳೆದುಕೊಳ್ಳಿ

ತೀರ್ಮಾನ ಕಷ್ಟವಾಗೋದು ಯಾಕಂದ್ರೆ ನಾಯಿ ಒಂದೇ ದಿನದಲ್ಲಿ ಕೆಡಲ್ಲ. ಇವತ್ತು ನಿನ್ನೆಗಿಂತ ಒಂಚೂರು ಕಡಿಮೆ. ನಾಳೆ ಇನ್ನೊಂಚೂರು. ದಿನಾ ನೋಡುವ ಕಣ್ಣಿಗೆ ಅದೇ ಅಭ್ಯಾಸವಾಗಿ, ಮೂರು ತಿಂಗಳ ಹಿಂದೆ ‘ಹೀಗಾದ್ರೆ ಇಟ್ಕೊಳ್ಳಲ್ಲ’ ಅಂದಿದ್ದ ಸ್ಥಿತಿಯನ್ನು ಯಾವಾಗಲೋ ದಾಟಿರುತ್ತೀವಿ, ಗೊತ್ತೇ ಆಗಿರಲ್ಲ.

ಅದಕ್ಕೆ ಕಾಯಿಲೆ ಗುಣವಾಗಲ್ಲ ಅಂತ ವೈದ್ಯರು ಹೇಳಿದ ದಿನವೇ, ನಾಯಿ ಇನ್ನೂ ಸುಮಾರಾಗಿ ಇರುವಾಗಲೇ, ಅದು ಇಷ್ಟಪಟ್ಟು ಮಾಡುವ ನಾಲ್ಕೈದು ಕೆಲಸ ಬರೆದಿಡಿ. ಪ್ರತಿ ನಾಯಿಗೂ ಬೇರೆ ಇರುತ್ತೆ. ಬೆಳಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಗೆ ಬರೋದು, ಅಪ್ಪನ ಜೊತೆ ಬದುವಿನವರೆಗೆ ನಡೆಯೋದು, ಅಪರಿಚಿತರಿಗೆ ಬೊಗಳೋದು, ತಾನಾಗೇ ಎದ್ದು ಹೊರಗೆ ಹೋಗಿ ಮೂತ್ರ ಮಾಡೋದು, ರಾತ್ರಿ ನಿದ್ದೆ. ಇದರಲ್ಲಿ ಎಷ್ಟು ನಿಂತರೆ ವೈದ್ಯರನ್ನು ಕರೆಸುತ್ತೀರಿ ಅಂತ ಅವತ್ತೇ ಮನೆಯವರೆಲ್ಲ ಕೂತು ಒಪ್ಪಿಕೊಳ್ಳಿ. ‘ಐದರಲ್ಲಿ ಮೂರು ನಿಂತರೆ’ ಅಂತಲೋ, ‘ತಾನು ಮಾಡಿದ್ದರ ಮೇಲೇ ಮಲಗುವ ಹಾಗಾದರೆ’ ಅಂತಲೋ. ಆ ಗೆರೆ ನಿಮ್ಮದು.

ಆಮೇಲೆ ಮೊಬೈಲ್ ಕ್ಯಾಲೆಂಡರಿನಲ್ಲಿ ರಾತ್ರಿ ಮಲಗುವ ಮುಂಚೆ ಒಂದೇ ಗುರುತು: ಒಳ್ಳೆ ದಿನ, ಇಲ್ಲಾ ಕೆಟ್ಟ ದಿನ. ‘ಪರವಾಗಿಲ್ಲ’ ಅನ್ನೋ ಮೂರನೇ ಗುರುತು ಇಟ್ಟುಕೊಂಡರೆ ಎಲ್ಲಾ ದಿನವೂ ಅದೇ ಆಗುತ್ತೆ. ಎರಡು ವಾರದಲ್ಲಿ ಕೆಟ್ಟ ದಿನ ಏಳು ದಾಟಿದರೆ ಹೊತ್ತು ಬಂದಿದೆ ಅಂತಲೇ ನಮ್ಮ ಅಭಿಪ್ರಾಯ. ಅಂಕಿಯಲ್ಲೇ ಬೇಕು ಅನ್ನೋರಿಗೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಕೊಟ್ಟ ಒಂದು ಲೆಕ್ಕ ಇದೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಹೆಚ್ಚೇ ಅನ್ನೋದು, ಹೀಗೆ ಏಳಕ್ಕೆ ತಲಾ 10 ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಅನ್ನೋದು ಅವರ ಲೆಕ್ಕ. ನೋವಿನ ಅಂಕ ಹಾಕುವಾಗ ಎಚ್ಚರ: ನೋವು ಹತೋಟಿಯಲ್ಲಿದ್ದಷ್ಟೂ ಅಂಕ ಹೆಚ್ಚು.

ದುಡ್ಡಿನ ಮಾತೂ ಬರುತ್ತೆ, ಬರಲಿ. ವಾರ ವಾರ ಇಂಜೆಕ್ಷನ್, ಗಾಡಿ ಬಾಡಿಗೆ, ಕಟಾವಿನ ಹೊತ್ತಲ್ಲಿ ಹಗಲೆಲ್ಲ ನೋಡಿಕೊಳ್ಳಲು ಒಬ್ಬರು. ಎಷ್ಟಾಗುತ್ತೆ ಅಂತ ವೈದ್ಯರನ್ನು ಮೊದಲೇ ಕೇಳೋದರಲ್ಲಿ ನಾಚಿಕೆ ಏನಿಲ್ಲ. ಶಕ್ತಿ ಮೀರಿ ಅರ್ಧ ಚಿಕಿತ್ಸೆ ಮಾಡಿಸಿ ನಿಲ್ಲಿಸೋದರಿಂದ ನಾಯಿಗೆ ಏನೂ ಸಿಗಲ್ಲ.

‘ಪಾಪ ಬರುತ್ತೆ’ ಅನ್ನುವ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ. ಒಂದು ರಾತ್ರಿ ಅವರನ್ನೂ ನಾಯಿಯ ಹತ್ತಿರ ಕೂರಿಸಿ. ಅಜ್ಜಿಯರಿಗೆ ಪ್ರಾಣಿಯ ನೋವು ನಮಗಿಂತ ಚೆನ್ನಾಗಿ ಗೊತ್ತಾಗುತ್ತೆ. ಆಮೇಲೂ ಬೇಡ ಅಂದರೆ ನೋವು ತಗ್ಗಿಸುವ ಔಷಧ ವೈದ್ಯರಿಂದಲೇ ಬರೆಸಿಕೊಂಡು, ಒಣ ಗೋಣಿಚೀಲದ ಹಾಸಿಗೆ ಹಾಕಿ, ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಮಲಗಿದಲ್ಲೇ ಹುಣ್ಣಾಗಿ ಹುಳ ಬೀಳೋಕೆ ಒಂದೆರಡು ದಿನ ಸಾಕು.

ಬಿಟ್ಟು ಬರೋದು, ವಿಷ ಹಾಕೋದು

ಎರಡೂ ಬೇಡ. ಮುದಿ ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಹೈವೇ ಪಕ್ಕ ಇಳಿಸಿದರೆ ಅದು ಹಸಿವಿನಿಂದಲೋ ಬೇರೆ ನಾಯಿಗಳ ಬಾಯಲ್ಲೋ ಸಾಯುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ಅದೇ 1960ರ ರೇಟು, ಅದು ಬೇರೆ ಮಾತು. ಕೀಟನಾಶಕ ಕಲೆಸಿದ ಅನ್ನ ತಿಂದ ನಾಯಿ ನಿದ್ದೆ ಹೋದ ಹಾಗೆ ಹೋಗಲ್ಲ. ಜೊಲ್ಲು ಸುರಿಸಿ, ಮೈ ಸೆಟೆದು, ಪ್ರಜ್ಞೆ ಇರುವಾಗಲೇ ಉಸಿರು ಕಟ್ಟಿ ಒದ್ದಾಡುತ್ತೆ. ಅದು ವಾಂತಿ ಮಾಡಿದ್ದನ್ನು ತಿಂದ ಕೋಳಿ, ಕಾಗೆ, ಬೆಕ್ಕು ಕೂಡ ಸಾಯುತ್ತವೆ.

ಹುಚ್ಚಿನ ಅನುಮಾನ ಇದ್ದರೆ

ಇಲ್ಲಿ ಗೆರೆ, ಕ್ಯಾಲೆಂಡರ್ ಯಾವುದೂ ಇಲ್ಲ. ನಾಯಿಯ ಸ್ವಭಾವ ತಟ್ಟನೆ ಬದಲಾಗಿ, ದನಿ ಒಡೆದು, ಕೆಳದವಡೆ ಜೋತು, ಜೊಲ್ಲು ಸುರಿಯುತ್ತಿದ್ದರೆ ‘ಗಂಟಲಲ್ಲಿ ಮೂಳೆ ಸಿಕ್ಕಿರಬೇಕು’ ಅಂತ ಬಾಯೊಳಗೆ ಕೈ ಹಾಕಬೇಡಿ. ಅದನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಮುಂದಿನದ್ದು ಅವರ ಕೈಲಿ. ಕಚ್ಚಿಸಿಕೊಂಡವರು, ಗಾಯದ ಮೇಲೆ ಜೊಲ್ಲು ತಾಗಿದವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ, ನಾಯಿಗೂ ಮನುಷ್ಯರಿಗೂ.

ವೈದ್ಯರು ಬಂದ ದಿನ

ಎಲ್ಲ ವೈದ್ಯರೂ ಒಪ್ಪಲ್ಲ. ಇನ್ನೂ ಚಿಕಿತ್ಸೆ ಇದೆ ಅಂತ ಅನ್ನಿಸಿದರೆ ಹೇಳುತ್ತಾರೆ, ಕೇಳಿ. ಒಪ್ಪಿದರೆ ಸಾಧ್ಯವಾದಷ್ಟು ಮಟ್ಟಿಗೆ ಮನೆಗೇ ಬರುವಂತೆ ಕೇಳಿಕೊಳ್ಳಿ. ನಡೆಯಲಾಗದ ನಾಯಿಯನ್ನು ಟೆಂಪೋದಲ್ಲಿ ಕುಲುಕಿಸಿಕೊಂಡು ಹೋಗೋದು ಅದಕ್ಕೆ ಕೊನೆಯ ಹಿಂಸೆ. ಒಪ್ಪಿಗೆ ಪತ್ರಕ್ಕೆ ನಾಯಿ ಯಾರದ್ದೋ ಅವರೇ ಸಹಿ ಹಾಕಬೇಕು.

ಒಂದು ಪ್ರಶ್ನೆ ಸಂಕೋಚ ಇಲ್ಲದೆ ಕೇಳಿ: ‘ಸಾರ್, ಮೊದಲು ಪೂರ್ತಿ ಪ್ರಜ್ಞೆ ತಪ್ಪಿಸ್ತೀರಾ?’ ಸರಿಯಾದ ಕ್ರಮ ಹೀಗಿದೆ: ಮೊದಲು ಮಂಪರಿನ ಇಂಜೆಕ್ಷನ್. ನಾಯಿ ಶಾಂತವಾದ ಮೇಲೆ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ, ಆಪರೇಷನ್‌ಗೆ ಕೊಡುವಂಥ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡ್ತಾರೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ, ಆಮೇಲೆ ಉಸಿರು, ಕೆಲವು ನಿಮಿಷದಲ್ಲಿ ಹೃದಯ. ಪ್ರಜ್ಞೆ ತಪ್ಪಿಸದೆ ಬರೀ ಹೃದಯ ನಿಲ್ಲಿಸುವ ಔಷಧ ಕೊಟ್ಟರೆ ಅದು ದಯಾಮರಣ ಅಲ್ಲ.

ಹತ್ತಿರ ಇರಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟದ್ದು. ಇರೋದಾದರೆ ತಲೆ ಹತ್ತಿರ ಕೂತು ಹೆಸರು ಹಿಡಿದು ಮಾತಾಡಿಸಿ. ಕಣ್ಣು ಮುಚ್ಚಲ್ಲ, ತೆರೆದೇ ಇರುತ್ತೆ. ಮೂತ್ರ ಹೋಗಬಹುದು. ಹೃದಯ ನಿಂತ ಮೇಲೂ ಒಂದೆರಡು ಸಲ ದೊಡ್ಡದಾಗಿ ಉಸಿರೆಳೆದ ಹಾಗೆ ಕಾಣಬಹುದು. ಅದು ಸ್ನಾಯುಗಳದ್ದು, ನಾಯಿಗೆ ಅದರ ಅರಿವಿಲ್ಲ. ಇದನ್ನು ಮಕ್ಕಳಿಗೂ ಮನೆಯವರಿಗೂ ಮೊದಲೇ ಹೇಳಿಡಿ. ಮಕ್ಕಳಿಗೆ ‘ನಿದ್ದೆ ಮಾಡಿಸಿದ್ರು’ ಅಂತ ಹೇಳಬೇಡಿ, ರಾತ್ರಿ ಮಲಗೋಕೆ ಹೆದರುತ್ತವೆ. ಸತ್ತಿದೆ ಅಂತಲೇ ಹೇಳಿ.

ಹೂಳುವಾಗ

ಗುಂಡಿಯನ್ನು ಬೆಳಗ್ಗೆಯೇ ತೆಗೆಸಿಡಿ. ಕಡಿಮೆ ಅಂದರೂ ನಾಲ್ಕಡಿ ಆಳ ಇರಲಿ, ಬಾವಿ, ಬೋರ್‌ವೆಲ್, ಕಾಲುವೆಯಿಂದ ದೂರ. ಆ ಅರಿವಳಿಕೆ ಔಷಧ ಹೆಣದಲ್ಲಿ ಹಾಗೇ ಉಳಿಯುತ್ತೆ. ಅಗೆದು ತಿಂದ ನಾಯಿ, ನರಿ, ಹದ್ದುಗಳೂ ಸಾಯಬಹುದು. ಆದ್ದರಿಂದ ಹಳ್ಳಕ್ಕೋ ತಿಪ್ಪೆಗೋ ಎಸೆಯುವ ಹಾಗೇ ಇಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಹಳೆ ಪಂಚೆಯೋ ಗೋಣಿಯೋ ಸಾಕು. ಮಣ್ಣು ಮುಚ್ಚಿ ಮೇಲೆ ಭಾರದ ಕಲ್ಲು ಹೇರಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಇಂಜೆಕ್ಷನ್ ಕೊಡುವಾಗ ಅದನ್ನು ದೂರ ಕಟ್ಟಿ, ಆಮೇಲೆ ಹೂಳುವ ಮುಂಚೆ ಒಂದು ಸಲ ಬಿಡಿ. ಮೂಸಿ ನೋಡಿ ತಾನಾಗೇ ಹೋಗುತ್ತೆ. ಕೆಲವು ನಾಲ್ಕಾರು ದಿನ ಊಟ ಕಡಿಮೆ ಮಾಡುತ್ತವೆ. ಅದಕ್ಕಿಂತ ಹೆಚ್ಚು ದಿನ ಹಿಡಿದರೆ ಬೇಸರ ಅಂತ ಸುಮ್ಮನಿರದೆ ಅದನ್ನೂ ತೋರಿಸಿ. ಸತ್ತ ನಾಯಿಯ ಮೈಮೇಲಿದ್ದ ಉಣ್ಣೆಗಳು ಈಗ ಇದರ ಮೈಗೆ ಬಂದಿರುತ್ತವೆ.