ಮಿದುಳಿನ ಬ್ರೇಕು, ಅಕ್ಕನ ಮದುವೆ

‘ನನ್ನ ಮಗಳ ಮಗ, ನಮ್ಮದೇ ಹುಡುಗ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಇನ್ನೇನು ಯೋಚನೆ?’ ಅಕ್ಕನ ಮದುವೆ ಮಾತು ಬಂದಾಗ ಅಜ್ಜಿ ಹೀಗೆ ಕೇಳಿದರು. ಬಿ.ಎಸ್ಸಿ. ಕೊನೆಯ ವರ್ಷದ ಸೆಮಿನಾರ್‌ಗೆಂದು ನಾನು ಆಗ ಓದುತ್ತಿದ್ದ ವಿಷಯದಲ್ಲೇ ಅದಕ್ಕೆ ಉತ್ತರವಿತ್ತು.

ನನ್ನ ವಿಷಯ ಎಸ್‌ಎಸ್‌ಎಡಿಎಚ್ ಕೊರತೆ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಮಿದುಳಿಗೆ ಬ್ರೇಕ್ ಹಾಕುವ ರಾಸಾಯನಿಕ ಗಾಬಾ. ಅದನ್ನು ಒಡೆದು ವಿಲೇವಾರಿ ಮಾಡುವ ಕಿಣ್ವಗಳಲ್ಲೊಂದು ಈ ರೋಗಿಗಳಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಗಾಬಾ ತುಂಬಿಕೊಳ್ಳುತ್ತದೆ. ಬ್ರೇಕ್ ಹೆಚ್ಚಾದರೆ ಮಿದುಳು ಶಾಂತವಾಗಬೇಕಲ್ಲವೇ? ಆದರೆ ಮಾತು ತಡವಾಗುವುದು, ನಡಿಗೆ ತೂರಾಡುವುದರ ಜೊತೆಗೆ ಸುಮಾರು ಅರ್ಧದಷ್ಟು ರೋಗಿಗಳಿಗೆ ಫಿಟ್ಸ್ ಕೂಡ ಬರುತ್ತದೆ!

ಈ ಒಗಟಿಗೆ ಸುಳಿವು ಕೊಟ್ಟದ್ದು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ತೋರಿಸಿಕೊಟ್ಟ ವಿಧಾನವಿದು. ತಲೆಯ ಮೇಲೆ ಕಾಯಿಲ್ ಹಿಡಿದು ಕಾಂತೀಯ ಮಿಡಿತ ಕೊಟ್ಟರೆ ಕೈಬೆರಳು ತಾನಾಗಿ ಜಿಗಿಯುತ್ತದೆ. ಬೆರಳನ್ನು ಬಿಗಿಹಿಡಿದಿದ್ದಾಗ ಹೀಗೆ ಮಾಡಿದರೆ, ಜಿಗಿದ ಮೇಲೆ ಸ್ನಾಯು ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಮೌನವಾಗುತ್ತದೆ. ಆ ಮೌನ ಎಷ್ಟು ಉದ್ದ ಎಂಬುದು ಬ್ರೇಕ್ ಹೇಗಿದೆ ಎಂದು ಹೇಳುತ್ತದೆ.

ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ರೋಗಿಗಳ ಮೌನ ಗಿಡ್ಡವಾಗಿತ್ತು. ಅಂದರೆ ಗಾಬಾ ಹೆಚ್ಚಿದ್ದರೂ ಬ್ರೇಕ್ ಸಡಿಲ! ಗಾಬಾ ಸದಾ ಸುರಿಯುತ್ತಿರುವುದರಿಂದ ಅದನ್ನು ಸ್ವೀಕರಿಸುವ ಗ್ರಾಹಕಗಳೇ ಮಂಕಾಗಿರಬೇಕು ಎಂಬುದು ಸಂಶೋಧಕರ ವಿವರಣೆ. ದಿನವಿಡೀ ಬೈಯುವವರ ಮಾತು ಯಾರ ಕಿವಿಗೂ ಬೀಳದ ಹಾಗೆ.

ಆದರೆ ನಾನು ಎರಡೆರಡು ಸಲ ಓದಿದ್ದು ಇನ್ನೊಂದು ಅಂಶವನ್ನು. ಆ ರೋಗಿಗಳ ತಂದೆ-ತಾಯಿಯ ಫಲಿತಾಂಶ ಆರೋಗ್ಯವಂತರಂತೆಯೇ ಇತ್ತು. ದೋಷವಿರುವ ಜೀನಿನ ಒಂದು ಪ್ರತಿ ಅವರಲ್ಲೂ ಇದೆ. ಇನ್ನೊಂದು ಸರಿಯಿರುವುದರಿಂದ ಏನೂ ಕಾಣುವುದಿಲ್ಲ. ಇಬ್ಬರೂ ಇಂಥ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಇಂಥ ಕಾಯಿಲೆಗಳು ಹಲವಾರಿವೆ. ಒಂದೇ ಅಜ್ಜಿಯ ಮೊಮ್ಮಕ್ಕಳು ಒಂದೇ ದೋಷ ಹೊತ್ತಿರುವ ಸಂಭವ ಹೊರಗಿನವರಿಗಿಂತ ಹೆಚ್ಚು.

ಮದುವೆ ಬೇಡ ಎಂದು ನಾನು ಹೇಳಲಿಲ್ಲ. ‘ಅಜ್ಜಿ, ಗಟ್ಟಿಮುಟ್ಟಾಗಿದ್ದರೆ ಸಾಲದು, ಮೊದಲು ಇಬ್ಬರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಬರಲಿ’ ಎಂದೆ. ಅಜ್ಜಿ ಮುಖ ತಿರುಗಿಸಿದರು. ಅಪ್ಪ ಏನೂ ಮಾತಾಡಲಿಲ್ಲ.

ರಾತ್ರಿ ಅಕ್ಕ ನನ್ನ ಪಕ್ಕ ಬಂದು ಕೂತಳು. ‘ಎಲ್ಲಿ ಹೋಗಬೇಕು ಅಂತ ವಿಚಾರಿಸು. ಅವನ ಹತ್ರ ನಾನೇ ಮಾತಾಡ್ತೀನಿ’ ಎಂದಳು.

ಸೆಮಿನಾರ್‌ನಲ್ಲಿ ಎಷ್ಟು ಅಂಕ ಬಂತು ಎಂಬುದು ಈಗ ಅಷ್ಟು ಮುಖ್ಯ ಅನ್ನಿಸುತ್ತಿಲ್ಲ.