ವಿಜ್ಞಾನದ ವಿದ್ಯಾರ್ಥಿಯೂ ಹಳಗನ್ನಡದ ಪರೀಕ್ಷೆಯೂ



ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಆರಿಸಿಕೊಂಡ ಕಾಲೇಜು ವಿದ್ಯಾರ್ಥಿಗೆ ಕನ್ನಡದ ಪತ್ರಿಕೆಯೆಂದರೆ ಬೇಸರವುಂಟಾಗುವುದು ಅಪೂರ್ವವಲ್ಲ. ಪರೀಕ್ಷೆಗೆ ನಾಲ್ಕು ದಿನವಿರುವಾಗ ಅವನು ಪದ್ಯವನ್ನು ಬಿಟ್ಟು ಸಾರಾಂಶದ ಕೈಪಿಡಿಯನ್ನು ಬಾಯಿಪಾಠ ಮಾಡುತ್ತಾನೆ. ಅಂಕಗಳು ಬಂದರೂ ಕಾವ್ಯವು ಅವನಿಗೆ ದೊರೆಯುವುದಿಲ್ಲ. ಅನೇಕರಿಗೆ ಅದೇ ಹಳಗನ್ನಡದೊಡನೆ ಕಡೆಯ ಭೇಟಿ. ಈ ನಷ್ಟವು ಅನಿವಾರ್ಯವಲ್ಲ. ಪ್ರಯೋಗಶಾಲೆಯಲ್ಲಿ ಕಲಿತ ಕ್ರಮವನ್ನೇ ಕಾವ್ಯದ ಬಳಿಗೂ ತಂದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ಭಾಷೆಯ ಮಾತು. ಹಳೆಯ ಶಬ್ದಗಳನ್ನು ಒಂದೊಂದಾಗಿ ಕಂಠಸ್ಥ ಮಾಡಬೇಕಾಗಿಲ್ಲ. ಪಾಲ್, ಪಗಲ್, ಪೆಸರ್ ಎಂಬವು ಹಾಲು, ಹಗಲು, ಹೆಸರು ಎಂದಾಗಿರುವುದನ್ನು ನೋಡಿದರೆ ನಿಯಮವು ತಾನೇ ತೋರುತ್ತದೆ: ಮೊದಲಿನ ಪಕಾರವು ಹಕಾರವಾಗಿದೆ, ಕಡೆಯ ವ್ಯಂಜನಕ್ಕೆ ಉಕಾರವು ಸೇರಿದೆ. ಪಾಪ, ಪುಣ್ಯ ಮೊದಲಾದ ಸಂಸ್ಕೃತ ಶಬ್ದಗಳಿಗೆ ಈ ನಿಯಮವು ತಗಲಲಿಲ್ಲ. ನಿಯಮವನ್ನೂ ಅದರ ಎಲ್ಲೆಯನ್ನೂ ಅರಿತವನಿಗೆ ನಿಘಂಟಿನ ಕೆಲಸ ಅರ್ಧವಾಗುತ್ತದೆ.

ಛಂದಸ್ಸೂ ಹಾಗೆಯೇ. ಲಘುವಿಗೆ 1, ಗುರುವಿಗೆ 2 ಮಾತ್ರೆಯಂತೆ ಎಣಿಸಿದರೆ ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ 20, ಒಟ್ಟು 64 ಮಾತ್ರೆಗಳಿರಬೇಕು. ನೆನಪಿನಿಂದ ಬರೆದ ಪದ್ಯದಲ್ಲಿ 63 ಬಂದರೆ ಎಲ್ಲಿಯೋ ಅಕ್ಷರವು ತಪ್ಪಿದೆಯೆಂದು ತಿಳಿಯತಕ್ಕದ್ದು. ಓಲೆಯ ಪ್ರತಿಗಳಲ್ಲಿ ಲಿಪಿಕಾರರ ದೋಷವನ್ನು ಕಂಡುಹಿಡಿಯಲು ವಿದ್ವಾಂಸರಿಗೂ ಈ ಲೆಕ್ಕವು ನೆರವಾಗುತ್ತದೆ.

ಈ ಎರಡು ವಿದ್ಯೆಗಳು ಒಬ್ಬರಲ್ಲಿಯೇ ಕೂಡಿದ್ದುದಕ್ಕೆ ಬೆಳ್ಳಾವೆ ವೆಂಕಟನಾರಣಪ್ಪನವರು ನಿದರ್ಶನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. 1918ರಲ್ಲಿ ಹೊರಟ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದವರಲ್ಲಿ ಅವರೂ ಒಬ್ಬರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಪಂಪಭಾರತದ ಸಂಪಾದನೆಯಲ್ಲಿ ಮುಖ್ಯರಾಗಿದ್ದವರೂ ಅವರೇ.

ಆದರೆ ಮಾತ್ರೆಯ ಎಣಿಕೆಯಿಂದ ರಸವು ದೊರೆಯುವುದಿಲ್ಲ. ಪಂಪನು ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಅರ್ಜುನನನ್ನೇ ನಾಯಕನನ್ನಾಗಿ ಮಾಡಿದನು. ಅಂತಹ ಕವಿಯು ಪ್ರತಿಪಕ್ಷದ ಕರ್ಣನಿಗೆ ಅಷ್ಟು ಗೌರವವನ್ನು ಏಕೆ ಕೊಟ್ಟನು? ಇದಕ್ಕೆ ಒಂದೇ ಉತ್ತರವಿಲ್ಲ. ಹಾಗೆಂದು ತೋಚಿದ್ದೆಲ್ಲವೂ ಉತ್ತರವಾಗಲಾರದು. ಪದ್ಯದಿಂದ ಆಧಾರವನ್ನು ತೋರಿಸಬೇಕು. ಪ್ರಯೋಗದಲ್ಲಿ ನೋಡುವವನ ಮನಸ್ಸನ್ನು ಆದಷ್ಟು ದೂರವಿಡುತ್ತೇವೆ; ಕಾವ್ಯದಲ್ಲಿಯಾದರೋ ಓದುವವನ ಹೃದಯವೇ ಉಪಕರಣ. ಅದು ಮಿಡಿಯದಿದ್ದರೆ ದಾಖಲಿಸುವುದಕ್ಕೆ ಏನೂ ಇರುವುದಿಲ್ಲ.

ಆದುದರಿಂದ ದಿನಕ್ಕೊಂದು ಪದ್ಯವನ್ನು ತೆಗೆದುಕೊಂಡು ಎರಡು ಬಾರಿ ಗಟ್ಟಿಯಾಗಿ ಓದಬೇಕು. ಬಳಿಕ ಪದಗಳನ್ನು ಬಿಡಿಸಿ ಅನ್ವಯ ಮಾಡಿ, ತನಗೆ ಕಂಡ ಅರ್ಥವನ್ನು ಸ್ವಂತ ಮಾತಿನಲ್ಲಿ ಮೂರು ವಾಕ್ಯಗಳಲ್ಲಿ ಬರೆಯಬೇಕು. ಕೈಪಿಡಿಯನ್ನು ತೆರೆಯುವುದು ಅದಾದಮೇಲೆ, ತನ್ನ ಅರ್ಥವನ್ನು ಸರಿನೋಡಿಕೊಳ್ಳುವುದಕ್ಕಾಗಿ ಮಾತ್ರ. ಹೀಗೆ ಒಂದು ತಿಂಗಳು ನಡೆಸಿದ ವಿದ್ಯಾರ್ಥಿಯ ಬಳಿ ಪರೀಕ್ಷೆಯ ದಿನಕ್ಕೆ ಮೂವತ್ತು ಪದ್ಯಗಳಿರುತ್ತವೆ. ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಅವನು ಹೆದರಬೇಕಾಗಿಲ್ಲ.